ನಿಂತ ಗಾಳಿಯ ಕೌದಿ

ಇಟ್ಟಿಗಿ, ಹಡಗಲಿ, ಕೊಟ್ಟೂರು, ಹರಪನಹಳ್ಳಿ ಕಡೆಯ ಹಳ್ಳಿಗಳಲ್ಲಿ ಮಗಳು ಚೊಚ್ಚಲ ಬಸುರಿ ಎಂದು ಗೊತ್ತಾದರೆ ಸಾಕು, ತವರಿನಲ್ಲಿ ಹಳೆ ಸೀರೆಗಳ ಗಂಟು ಬಿಚ್ಚಿಕೊಳ್ಳುತ್ತದೆ. ಉಟ್ಟು ಉಟ್ಟು ಮೆತ್ತಗಾದ ನೂಲಿನ ಸೀರೆ, ಅಂಚು ಹರಿದ ಧೋತರ, ಗಿಡ್ಡವಾಗಿ ಮೂಲೆ ಸೇರಿದ ಲಂಗ ಎಲ್ಲವೂ ಹೊರಬರುತ್ತವೆ. ಅಜ್ಜಿ ಅವನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣಬಣ್ಣದ ತೇಪೆ ಇಟ್ಟು, ದಪ್ಪ ದಾರದಲ್ಲಿ ಟಾಕು ಹಾಕುತ್ತ ಕೂಸಿನ ಕೌದಿ ಹೊಲಿಯುತ್ತಾಳೆ. ಕೂಸು ಹುಟ್ಟಿದ ಮೇಲೆ ನೋಡಲು ಬಂದವರು ಪೇಟೆಯಿಂದ ಮಿರಮಿರ ಮಿಂಚುವ ಬ್ಲಾಂಕೆಟ್ ತರುತ್ತಾರೆ. ವಾರ ಕಳೆಯುವುದರೊಳಗೆ ಬ್ಲಾಂಕೆಟ್ಟು ಟ್ರಂಕಿಗೆ ಹೋಗುತ್ತದೆ, ಕೂಸು ಕೌದಿಗೆ ಹೋಗುತ್ತದೆ.

ಆ ಗಂಟಿನಿಂದ ಒಂದೇ ಒಂದು ಸೀರೆ ಎತ್ತಿ ಬೆಳಕಿಗೆ ಹಿಡಿದು ನೋಡಿ. ಆಚೆಗಿನ ಕಿಟಕಿ ಕಾಣುವಷ್ಟು ಅದು ಸವೆದಿರುತ್ತದೆ. ಪುಷ್ಯಮಾಸದ ಬೆಳಗಿನ ಜಾವ ಅದೊಂದನ್ನೇ ಹೊದ್ದರೆ ಹಲ್ಲು ಕಟಕಟ ಎನ್ನುತ್ತವೆ. ಅಂಥವೇ ಐದಾರು ಕೂಡಿದರೆ ಚಳಿ ಹತ್ತಿರ ಸುಳಿಯುವುದಿಲ್ಲ, ಏಕೆ? ಬಟ್ಟೆ ಹೆಚ್ಚಾಯಿತು, ಅದಕ್ಕೇ ಬೆಚ್ಚಗಾಯಿತು ಎನ್ನುತ್ತೀರಾ? ಹಾಗಾದರೆ ಅಷ್ಟೇ ತೂಕದ ಗಟ್ಟಿ ಕ್ಯಾನ್‌ವಾಸ್ ಬಟ್ಟೆ ಹೊದ್ದು ಮಲಗಬಹುದಲ್ಲ. ಅದೂ ಹತ್ತಿಯೇ. ಆದರೆ ಅದನ್ನು ಹೊದ್ದವರಿಗೆ ಭಾರ ಸಿಗುತ್ತದೆಯೇ ಹೊರತು ಬೆಚ್ಚನೆ ನಿದ್ದೆ ಸಿಗುವುದಿಲ್ಲ. ಅಂದಮೇಲೆ ಕೌದಿಯೊಳಗೆ ಹತ್ತಿಯ ಜೊತೆ ಬೇರೇನೋ ಇರಬೇಕು.

ಕಂಬಳಿಗೆ ಬಿಸಿ ಎಲ್ಲಿಂದ?

ಕುರಿ ಉಣ್ಣೆ ಉಷ್ಣ, ನೂಲು ತಂಪು ಎಂದು ನಾವೆಲ್ಲ ಹೇಳುತ್ತೇವೆ, ಕಂಬಳಿಯೊಳಗೆ ಕೆಂಡವೇ ಇದೆಯೇನೋ ಎಂಬಂತೆ. ಮಡಿಸಿಟ್ಟ ಕಂಬಳಿಯ ನಡುವೆ ಒಂದು ಥರ್ಮಾಮೀಟರ್ ತುರುಕಿ ರಾತ್ರಿಯೆಲ್ಲ ಬಿಟ್ಟರೆ ಬೆಳಿಗ್ಗೆ ಅದು ತೋರಿಸುವುದು ಕೋಣೆಯ ಬಿಸಿಯನ್ನೇ. ಒಂದು ಡಿಗ್ರಿಯೂ ಹೆಚ್ಚಿರುವುದಿಲ್ಲ. ಜೀವವಿಲ್ಲದ ಕಂಬಳಿ ಬಿಸಿಯನ್ನು ಹುಟ್ಟಿಸಲಾರದು.

ಇದಕ್ಕೆ ಇನ್ನೂ ಒಳ್ಳೆಯ ಸಾಕ್ಷಿ ಐಸ್‌ಗಡ್ಡೆ. ಒಂದು ಗಡ್ಡೆಯನ್ನು ಬಯಲಿಗಿಟ್ಟು ಇನ್ನೊಂದನ್ನು ಕಂಬಳಿಯಲ್ಲಿ ಸುತ್ತಿದರೆ ಮೊದಲು ಕರಗುವುದು ಬಯಲಿನದು. ಐಸ್ ಸಾಗಿಸುವವರು ಗೋಣಿತಾಟು, ಮರದ ಹೊಟ್ಟು ಬಳಸುವುದು ಇದೇ ಕಾರಣಕ್ಕೆ. ಕಂಬಳಿಗೆ ಬೇಕಾದದ್ದು ಬಿಸಿಯೂ ಅಲ್ಲ, ತಂಪೂ ಅಲ್ಲ. ಒಳಗಿನದು ಒಳಗೇ, ಹೊರಗಿನದು ಹೊರಗೇ ಇರುವಂತೆ ತಡೆಯುವುದಷ್ಟೇ ಅದರ ಕೆಲಸ. ಈ ಸೀಮೆಯ ಕುರಿಗಾಹಿಗಳು ಚಳಿಗೂ ಮಳೆಗೂ ಬಿಸಿಲಿಗೂ ಒಂದೇ ಕಂಬಳಿ ಹೊರುತ್ತಾರೆ. ಭರತ ಹುಣ್ಣಿಮೆಯ ಹೊತ್ತಿಗೆ ಹಡಗಲಿ ತಾಲೂಕಿನ ಮೈಲಾರದಲ್ಲಿ ಕಾರಣಿಕಕ್ಕೆ ಸೇರುವ ಗೊರವರು ಉರಿಬಿಸಿಲಲ್ಲಿ ಕರಿ ಕಂಬಳಿಯ ನಿಲುವಂಗಿ ತೊಟ್ಟು ಕುಣಿಯುವುದನ್ನು ಕಂಡ ಪಟ್ಟಣದವರು ಬೆವರು ಒರೆಸಿಕೊಳ್ಳುತ್ತಾರೆ. ಅಲ್ಲಿ ಭಕ್ತಿಯ ಪಾಲು ದೊಡ್ಡದು, ನಿಜ. ಕಂಬಳಿಯ ಪಾಲೂ ಸ್ವಲ್ಪ ಇದೆ.

ಈ ತಡೆಯನ್ನು ಒಡ್ಡುತ್ತಿರುವುದು ಯಾವುದು? ಉಣ್ಣೆಯೋ, ಹತ್ತಿಯೋ, ಮೂರನೆಯದೋ?

1 ಗ್ರಾಂ ರೇಷ್ಮೆಯ ಪವಾಡ

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಬವೇರಿಯಾ ಸೀಮೆಯ ಸೈನ್ಯವನ್ನು ಸುಧಾರಿಸುವ ಹೊಣೆ ಬೆಂಜಮಿನ್ ಥಾಂಪ್ಸನ್ ಎಂಬ ಅಮೆರಿಕದವನ ತಲೆಗೆ ಬಂತು. ಮುಂದೆ ಕೌಂಟ್ ರಂಫರ್ಡ್ ಎಂದು ಹೆಸರಾದವನು ಇವನೇ. ಸೈನಿಕರಿಗೆ ಯಾವ ಬಟ್ಟೆ ಕೊಟ್ಟರೆ ಚಳಿ ತಡೆಯುತ್ತದೆ ಎಂಬುದು ಅವನ ಮುಂದಿದ್ದ ಪ್ರಶ್ನೆ. ಅವನು ದರ್ಜಿಯನ್ನು ಕೇಳಲಿಲ್ಲ, ಗಾಜಿನ ಬುರುಡೆ ಮಾಡಿಸಿದ.

ಥರ್ಮಾಮೀಟರಿನ ಬುಡ ಆ ಬುರುಡೆಯ ನಟ್ಟನಡುವೆ ಬರುವಂತೆ ಕೂಡಿಸಿ, ಸುತ್ತಲಿನ ಖಾಲಿ ಜಾಗಕ್ಕೆ ಸುಮಾರು 1 ಗ್ರಾಂ ತೂಕದ ಯಾವುದಾದರೂ ಎಳೆಯನ್ನು ತುಂಬುತ್ತಿದ್ದ. ಬುರುಡೆಯನ್ನು ಕುದಿನೀರಲ್ಲಿ ಕಾಯಿಸಿ, ಐಸ್ ಬೆರೆತ ನೀರಿನಲ್ಲಿ ಮುಳುಗಿಸಿ, ಪಾದರಸ ಒಂದು ಗುರುತಿನಿಂದ ಇನ್ನೊಂದು ಗುರುತಿಗೆ ಇಳಿಯಲು ಎಷ್ಟು ಸೆಕೆಂಡು ಹಿಡಿಯಿತೆಂದು ಎಣಿಸುತ್ತಿದ್ದ. 1792ರಲ್ಲಿ ಅವನು ಪ್ರಕಟಿಸಿದ ಲೆಕ್ಕ ಈಗಲೂ ಓದಲು ರುಚಿಯಾಗಿದೆ. ಬುರುಡೆಯಲ್ಲಿ ಬರೀ ಗಾಳಿ ಇದ್ದಾಗ ತಣಿಯಲು 576 ಸೆಕೆಂಡು ಸಾಕಾಯಿತು. ಹತ್ತಿ ತುಂಬಿದಾಗ 1,046. ಕುರಿ ಉಣ್ಣೆಗೆ 1,118. ಕಚ್ಚಾ ರೇಷ್ಮೆಗೆ 1,284. ಮೊಲದ ತುಪ್ಪಳಕ್ಕೆ 1,315.

ಒಂದು ಗ್ರಾಂ ಎಂದರೆ ಒಂದು ಚಿಟಿಕೆ. ಬುರುಡೆಯ ಜಾಗದಲ್ಲಿ ಅದು ಹಿಡಿದದ್ದು ತೀರ ಸ್ವಲ್ಪ, ಉಳಿದದ್ದೆಲ್ಲ ಮೊದಲಿದ್ದ ಗಾಳಿಯೇ. ಆದರೂ ತಣಿಯುವ ಹೊತ್ತು ಎರಡು ಪಟ್ಟಾಯಿತು. ಇನ್ನೂ ಸೋಜಿಗವೆಂದರೆ ಹತ್ತಿಯ ಎಳೆಯಾಗಲಿ ಉಣ್ಣೆಯ ಎಳೆಯಾಗಲಿ ಶಾಖವನ್ನು ಗಾಳಿಗಿಂತ ಹಲವು ಪಟ್ಟು ಸುಲಭವಾಗಿ ದಾಟಿಸುತ್ತವೆ. ಸೋರುವ ಗೋಡೆಗೆ ಇನ್ನೂ ಹೆಚ್ಚು ಸೋರುವ ಸಾಮಾನು ಹಾಕಿ ಕಟ್ಟಿದರೆ ಸೋರಿಕೆ ಅರ್ಧಕ್ಕಿಳಿಯುವುದು ಹೇಗೆ?

ರಂಫರ್ಡ್ ಇನ್ನೊಂದು ಹೆಜ್ಜೆ ಮುಂದೆ ಹೋದ. ಅದೇ ರೇಷ್ಮೆ, ಅದೇ ತೂಕ. ಆದರೆ ಈ ಸಲ ಬಿಡಿ ಎಳೆಗಳ ಬದಲು ಬಿಗಿಯಾಗಿ ಹುರಿ ಮಾಡಿದ ಹೊಲಿಗೆ ದಾರವನ್ನು ಕತ್ತರಿಸಿ ತುಂಬಿದ. ಹೊತ್ತು 1,284ರಿಂದ 917 ಸೆಕೆಂಡಿಗೆ ಇಳಿಯಿತು. ಪದಾರ್ಥ ಬದಲಾಗಿಲ್ಲ, ತೂಕ ಬದಲಾಗಿಲ್ಲ, ಹುರಿ ಮಾತ್ರ ಬಿಗಿಯಾಗಿದೆ. ಉತ್ತರ ಇಲ್ಲಿಯೇ ಇದೆ.

ಹೊಲದ ಬದು

ಗಾಳಿ ಶಾಖವನ್ನು ಎರಡು ಬಗೆಯಲ್ಲಿ ಸಾಗಿಸುತ್ತದೆ. ನಿಂತಲ್ಲೇ ನಿಂತು ಒಂದು ಕಣ ಪಕ್ಕದ ಕಣಕ್ಕೆ ಶಾಖ ದಾಟಿಸುವುದು ಒಂದು. ಈ ಕೆಲಸದಲ್ಲಿ ಗಾಳಿ ಶುದ್ಧ ಸೋಮಾರಿ. ನೀರಿಗೆ ಹೋಲಿಸಿದರೆ ಸುಮಾರು ಇಪ್ಪತ್ತೈದನೇ ಒಂದು ಪಾಲು ಮಾತ್ರ ಮಾಡುತ್ತದೆ. ಎರಡನೆಯದು, ತಾನೇ ಎದ್ದು ಹೋಗುವುದು. ಮೈ ಸೋಕಿ ಬಿಸಿಯಾದ ಗಾಳಿ ಹಗುರಾಗಿ ಮೇಲೇರುತ್ತದೆ, ಆ ಜಾಗಕ್ಕೆ ತಣ್ಣನೆ ಗಾಳಿ ನುಗ್ಗುತ್ತದೆ, ಅದೂ ಬಿಸಿಯಾಗಿ ಏಳುತ್ತದೆ. ಭೌತವಿಜ್ಞಾನದ ಪುಸ್ತಕಗಳಲ್ಲಿ ಇದಕ್ಕೆ ಸಂವಹನ ಎಂಬ ಹೆಸರಿದೆ. ನಮ್ಮ ಕೆಲಸಕ್ಕೆ ಇವೆರಡನ್ನು ನಿಂತ ಗಾಳಿ, ಹರಿಯುವ ಗಾಳಿ ಎಂದು ಕರೆದರೆ ಸಾಕು. ನಿಂತ ಗಾಳಿಯಷ್ಟು ಒಳ್ಳೆಯ ಹೊದಿಕೆ ಅಗ್ಗದಲ್ಲಿ ಬೇರೊಂದಿಲ್ಲ. ಹರಿಯುವ ಗಾಳಿ ಇದ್ದ ಬಿಸಿಯನ್ನೂ ಹೊತ್ತೊಯ್ಯುತ್ತದೆ.

ಇಳಿಜಾರು ಹೊಲಕ್ಕೆ ಮಳೆ ಬಿದ್ದರೆ ನೀರು ಮಣ್ಣನ್ನೂ ಎಳೆದುಕೊಂಡು ಹಳ್ಳ ಸೇರುತ್ತದೆ. ಅಡ್ಡಡ್ಡಲಾಗಿ ಬದು ಹಾಕಿದರೆ ಅದೇ ನೀರು ನಿಲ್ಲುತ್ತದೆ, ಇಂಗುತ್ತದೆ. ಬದುವಿನ ಮಣ್ಣು ನೀರು ಕುಡಿದದ್ದರಿಂದ ಹೊಲ ಹಸಿಯಾದದ್ದಲ್ಲ. ಬದು ನೀರಿನ ಓಟ ನಿಲ್ಲಿಸಿತು, ಅಷ್ಟೇ. ಬುರುಡೆಯೊಳಗಿನ ರೇಷ್ಮೆ ಎಳೆಗಳು ಗಾಳಿಗೆ ಹಾಕಿದ ಬದುಗಳು. ಕೂದಲಿಗಿಂತ ತೆಳ್ಳಗಿನ ಸಾವಿರಾರು ಎಳೆಗಳು ಅಡ್ಡಾದಿಡ್ಡಿ ನಿಂತರೆ ಅವುಗಳ ನಡುವಿನ ಗಾಳಿಗೆ ಹೊರಳಲು ಜಾಗವೇ ಇರುವುದಿಲ್ಲ. ಮೈಯಿಂದ ಹೊಮ್ಮುವ ಶಾಖದ ಕಿರಣಗಳಿಗೂ ಅದೇ ಎಳೆಗಳು ಅಡ್ಡ ಬರುತ್ತವೆ. ಬಿಗಿ ಹುರಿಯಲ್ಲಾದರೋ ಎಳೆಗಳೆಲ್ಲ ಒಂದೆಡೆ ಮುದ್ದೆಯಾಗಿ ನಡುವೆ ಬಯಲು ಉಳಿಯುತ್ತದೆ. ಊರಿನ ಬದುಗಳನ್ನೆಲ್ಲ ಒಬ್ಬರ ಹೊಲದಲ್ಲೇ ರಾಶಿ ಹಾಕಿದರೆ ಉಳಿದವರ ಹೊಲದ ಗತಿ ಏನಾದೀತು?

ಉಣ್ಣೆ ಬಟ್ಟೆಯ ಗಾತ್ರದಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಗಾಳಿಯೇ ಇರುತ್ತದೆ. ಅಂಗಡಿಯಲ್ಲಿ ನಾವು ಹಣ ಕೊಡುವುದು ಉಣ್ಣೆಗೆ, ಚಳಿಗೆ ಆಗಿಬರುವುದು ಪುಕ್ಕಟೆ ಬಂದ ಗಾಳಿ. 1941ರಲ್ಲಿ ಗ್ಯಾಗ್, ಬರ್ಟನ್ ಮತ್ತು ಬ್ಯಾಝೆಟ್ ಎಂಬ ವಿಜ್ಞಾನಿಗಳು ಬಟ್ಟೆಯ ಬೆಚ್ಚನೆಯನ್ನು ಅಳೆಯಲು ‘ಕ್ಲೋ’ ಎಂಬ ಮಾನ ತಂದರು. 21 ಡಿಗ್ರಿಯ ಕೋಣೆಯಲ್ಲಿ ಸುಮ್ಮನೆ ಕುಳಿತವರಿಗೆ ಹಿತವೆನಿಸುವಷ್ಟು ಉಡುಪು 1 ಕ್ಲೋ. ಅಂಥ ಅಳತೆಗಳಿಂದ ಖಚಿತವಾದ ಸಂಗತಿ ಇದು: ದಪ್ಪ ಒಂದೇ ಇದ್ದು, ಒಳಗಿನ ಗಾಳಿ ನಿಂತಿದ್ದರೆ, ಹತ್ತಿಯೋ ಉಣ್ಣೆಯೋ ಎಂಬುದು ಬೆಚ್ಚನೆಯ ಲೆಕ್ಕದಲ್ಲಿ ಹೆಚ್ಚೇನೂ ವ್ಯತ್ಯಾಸ ಮಾಡುವುದಿಲ್ಲ.

ಸವೆದ ಸೀರೆಯ ಗುಣ

ಈಗ ಕೌದಿಗೆ ಬರೋಣ. ಹೊಸ ಸೀರೆಯಲ್ಲಿ ಗಂಜಿ ಇರುತ್ತದೆ, ನೂಲು ನಯವಾಗಿ ಅಂಟಿಕೊಂಡಿರುತ್ತದೆ. ವರ್ಷಗಟ್ಟಲೆ ಬಂಡೆಗೆ ಬಡಿದು ಒಗೆದ ಸೀರೆಯಲ್ಲಿ ಗಂಜಿ ಹೋಗಿ, ನೂಲಿನ ಮೈಯಿಂದ ಸಣ್ಣ ಸಣ್ಣ ಎಳೆತುದಿಗಳು ಎದ್ದು ನಿಂತಿರುತ್ತವೆ. ಕೆನ್ನೆಗೆ ಒತ್ತಿಕೊಂಡರೆ ಸಿಗುವ ಮೆತ್ತನೆಯ ಸುಖ ಆ ತುದಿಗಳದ್ದೇ. ಒಂದು ಪದರದ ಮೇಲೆ ಇನ್ನೊಂದು ಕುಳಿತಾಗ ಈ ತುದಿಗಳು ಎರಡನ್ನೂ ಅಂಟಲು ಬಿಡುವುದಿಲ್ಲ. ಹಳೆ ಬಟ್ಟೆ ಇಸ್ತ್ರಿ ಹೊಡೆದಂತೆ ಸಮತಟ್ಟಾಗಿ ಕೂರುವುದೂ ಇಲ್ಲ. ಅಲ್ಲಿ ನೆರಿಗೆ, ಇಲ್ಲಿ ಉಬ್ಬು. ಹೀಗಾಗಿ ಐದು ಪದರದ ಕೌದಿಯಲ್ಲಿ ಬಟ್ಟೆ ಐದು, ನಡುವೆ ನಿಂತ ಗಾಳಿಯ ಹಾಳೆಗಳು ನಾಲ್ಕು. ಕ್ಯಾನ್‌ವಾಸಿನಲ್ಲಿ ಅಷ್ಟೇ ಹತ್ತಿ ಒತ್ತೊತ್ತಾಗಿ ಕೂತಿದೆ, ಗಾಳಿಗೆ ಜಾಗವಿಲ್ಲ.

ಟಾಕಿನ ಕೆಲಸವನ್ನು ಹತ್ತಿರದಿಂದ ನೋಡಬೇಕು. ಅಜ್ಜಿ ಅಂಚಿನಿಂದ ಶುರುಮಾಡಿ, ಚೌಕದೊಳಗೆ ಚೌಕ ಬರುವಂತೆ ಸುತ್ತುತ್ತ ನಡುವಿಗೆ ಬರುತ್ತಾಳೆ. ಸೂಜಿ ಮೇಲಿಂದ ಇಳಿದು ಎಲ್ಲ ಪದರ ದಾಟಿ ಒಂದು ಕಾಳಿನಷ್ಟು ದೂರದಲ್ಲಿ ಮೇಲೆದ್ದು ಬರುತ್ತದೆ. ದಾರ ಎಳೆದಾಗ ಟಾಕಿನ ಸಾಲಿನಲ್ಲಿ ಬಟ್ಟೆ ಅಮುಕುತ್ತದೆ, ಎರಡು ಸಾಲುಗಳ ನಡುವೆ ಉಬ್ಬಿ ನಿಲ್ಲುತ್ತದೆ. ಅಮುಕಿದ ಕಡೆ ಗಾಳಿ ಹೋಯಿತು, ಬೆಚ್ಚನೆಯೂ ಅಷ್ಟು ಕಡಿಮೆಯಾಯಿತು. ಉಬ್ಬಿದ ಕಡೆ ಗಾಳಿ ಸೆರೆಯಾಯಿತು. ಸಾಲುಗಳು ತೀರ ಒತ್ತಾದರೆ ಕೌದಿ ಹಲಗೆಯಾಗುತ್ತದೆ. ತೀರ ದೂರವಾದರೆ ನಾಲ್ಕು ಒಗೆತಕ್ಕೆ ಒಳಪದರಗಳು ಜಾರಿ ಒಂದು ಮೂಲೆಗೆ ಸೇರಿ, ಉಳಿದ ಮೂಲೆಗಳು ಬರಿದಾಗುತ್ತವೆ. ಹಾಸುವ ಕೌದಿಗೆ ಸಾಲು ಒತ್ತಾಗಿರಬೇಕು, ಹೊದೆಯುವ ಕೌದಿಗೆ ಕೊಂಚ ಬಿಡುವಾಗಿರಬೇಕು. ಕಣ್ಣಳತೆಯಲ್ಲೇ ಇದನ್ನು ಸರಿದೂಗಿಸುವವರಿಗೆ ನಮ್ಮ ಜವಳಿ ಎಂಜಿನಿಯರುಗಳು ಒಂದು ನಮಸ್ಕಾರ ಹಾಕಬೇಕು.

ಕೌದಿಯನ್ನು ಆಗಾಗ ಬಿಸಿಲಿಗೆ ಹಾಕಿ ಕೊಡವುವುದಕ್ಕೂ ಇದೇ ಕಾರಣ. ಮೈಯ ಬೆವರು, ಮನೆಯ ತೇವ ಹೀರಿ ಎಳೆಗಳು ಜಡ್ಡುಗಟ್ಟಿರುತ್ತವೆ. ಒಣಗಿ, ಪೆಟ್ಟು ತಿಂದು ಅವು ಬಿಡಿಬಿಡಿಯಾದರೆ ಗಾಳಿ ಮತ್ತೆ ಒಳಬರುತ್ತದೆ.

ಒಂದು ಸೀದಾ, ಒಂದು ಉಲ್ಟಾ

ಕಡ್ಡಿಯಲ್ಲಿ ಉಲನ್ ಹೆಣೆಯುವ ಕಲೆಗೆ ಈ ಬಿಸಿಲು ಸೀಮೆಯಲ್ಲಿ ಕೌದಿಗಿರುವಷ್ಟು ಬೇರಿಲ್ಲ. ಆದರೂ ಕೂಸಿಗೆ ಟೋಪಿ, ಕಾಲುಚೀಲ, ತೋಳಿಲ್ಲದ ಸ್ವೆಟರ್ ಹೆಣೆದು ಕೊಡುವವರು ಎಲ್ಲ ಊರಲ್ಲೂ ಸಿಗುತ್ತಾರೆ. ಕೌದಿಯಲ್ಲಿ ಗಾಳಿ ನಿಲ್ಲುವುದು ಪದರಗಳ ನಡುವೆ. ಹೆಣಿಗೆಯಲ್ಲಿ ನಿಲ್ಲುವುದು ಕುಣಿಕೆಗಳ ಒಳಗೆ.

ನೇಯ್ದ ಬಟ್ಟೆಯಲ್ಲಿ ಹಾಸು ಹೊಕ್ಕು ನೂಲುಗಳು ಹೆಚ್ಚೂಕಡಿಮೆ ನೇರವಾಗಿ ಓಡುತ್ತವೆ. ಹೆಣಿಗೆಯಲ್ಲಿ ಒಂದೇ ದಾರ ಬಾಗಿ ಬಾಗಿ ಕುಣಿಕೆಯಾಗಿ, ಕೆಳಗಿನ ಸಾಲಿನ ಕುಣಿಕೆಯೊಳಗಿಂದ ತಲೆ ತೂರಿಸುತ್ತದೆ. ಟೋಪಿ ಎಳೆದರೆ ಹಿಗ್ಗುತ್ತದೆ, ದಾರ ಎಳೆದರೆ ಹಿಗ್ಗುವುದಿಲ್ಲ. ಇದೂ ಸಣ್ಣ ಒಗಟೇ. ಎಳೆದಾಗ ದಾರ ಉದ್ದವಾಗುತ್ತಿಲ್ಲ, ಬಾಗಿದ್ದ ಕುಣಿಕೆ ನೆಟ್ಟಗಾಗುತ್ತಿದೆ. ಬಿಟ್ಟಾಗ ಮತ್ತೆ ಬಾಗುತ್ತದೆ. ಸೀದಾ ಹೆಣಿಗೆ ಮತ್ತು ಉಲ್ಟಾ ಹೆಣಿಗೆಗಳನ್ನು ಬೇರೆ ಬೇರೆ ಕ್ರಮದಲ್ಲಿ ಕೂಡಿಸಿದರೆ ಅದೇ ದಾರದಿಂದ ಬಿಗಿ ಬಟ್ಟೆಯೂ ಬರುತ್ತದೆ, ರಬ್ಬರಿನಂತೆ ಹಿಗ್ಗುವ ಬಟ್ಟೆಯೂ ಬರುತ್ತದೆ. ಅಮೆರಿಕದ ಜಾರ್ಜಿಯಾ ಟೆಕ್‌ನಲ್ಲಿ ಭೌತವಿಜ್ಞಾನಿ ಎಲಿಸಬೆಟ್ಟಾ ಮಾಟ್ಸುಮೋಟೊ ಅವರ ತಂಡ ಈ ಕುಣಿಕೆಗಳ ಗಣಿತದ ಬೆನ್ನು ಹತ್ತಿದೆ. ಟೋಪಿಯ ಅಂಚಿಗೆ ಒಂದು ಸೀದಾ ಒಂದು ಉಲ್ಟಾ ಹಾಕಬೇಕೆಂಬುದು ಹೆಣೆಯುವವರಿಗೆ ಮೊದಲೇ ಗೊತ್ತಿತ್ತು.

ಕೂಸಿನ ತಲೆಯ ಸುತ್ತಳತೆ ಹುಟ್ಟಿದಾಗ ಸುಮಾರು 35 ಸೆಂಟಿಮೀಟರ್, ವರ್ಷ ತುಂಬುವಾಗ ಸುಮಾರು 46. ಈ ಓಟಕ್ಕೆ ಕೆಲವು ತಿಂಗಳಾದರೂ ಜೊತೆ ಕೊಡುವುದು ಹೆಣಿಗೆಯೇ. ಆದರೆ ಟೋಪಿ ಬಿಗಿಯಾಗಿ ಎಳೆದು ಕೂತರೆ ಕುಣಿಕೆಗಳು ಚಪ್ಪಟೆಯಾಗಿ ಗಾಳಿ ಹೊರಬೀಳುತ್ತದೆ. ಬಿಗಿ ಟೋಪಿ ಬೆಚ್ಚಗಿರುತ್ತದೆ ಎಂಬ ನಂಬಿಕೆ ತಿರುಗುಮುರುಗು. ರಂಫರ್ಡನ ದಾರ ನೆನೆಸಿಕೊಂಡು, ಸಡಿಲ ಹುರಿಯ ಉಲನ್ ಆರಿಸಿ ಸಡಿಲವಾಗಿ ಹೆಣೆಯಿರಿ.

ಬೈಕಿನ ಮೇಲೆ ಸ್ವೆಟರ್ ಸೋಲುವುದೇಕೆ?

ಮನೆಯಲ್ಲಿ ಬೆಚ್ಚಗಿದ್ದ ಸ್ವೆಟರ್ ಧನುರ್ಮಾಸದ ಬೆಳಿಗ್ಗೆ ಬೈಕ್ ಹತ್ತಿದ ಕೂಡಲೇ ಇಲ್ಲದಂತಾಗುತ್ತದೆ. ಕುಣಿಕೆಗಳ ಬದು ಸುಮ್ಮನಿರುವ ಗಾಳಿಯನ್ನು ತಡೆದೀತು, ನುಗ್ಗಿ ಬರುವ ಗಾಳಿಗೆ ಕೊಚ್ಚಿಹೋಗುತ್ತದೆ. ಆಗ ಮೇಲೊಂದು ತೆಳು ಬಟ್ಟೆ ಸುತ್ತಿದರೂ ಸಾಕು, ಸ್ವೆಟರ್ ಮತ್ತೆ ಜೀವ ಪಡೆಯುತ್ತದೆ. ಹೊರಗಿನ ಒತ್ತು ನೇಯ್ಗೆ ಗಾಳಿ ನುಗ್ಗದಂತೆ ಕಾಯುತ್ತದೆ, ಒಳಗಿನ ಸಡಿಲ ಹೆಣಿಗೆ ಗಾಳಿಯನ್ನು ನಿಲ್ಲಿಸಿಕೊಳ್ಳುತ್ತದೆ. ಪರ್ವತ ಹತ್ತುವವರ ಸಾವಿರಾರು ರೂಪಾಯಿಯ ಉಡುಪಿನ ಸೂತ್ರವೂ ಇಷ್ಟೇ.

ಕೂಸಿಗೆ ತೊಡಿಸುವ ನಮ್ಮ ಕುಂಚಿಗೆಯನ್ನು ಈ ಕಣ್ಣಿನಿಂದ ನೋಡಿ. ಒಳಗೆ ಮೆತ್ತನೆ ನೂಲಿನ ಅಸ್ತರು, ಹೊರಗೆ ಒತ್ತಾಗಿ ನೇಯ್ದ ಖಣ, ತಲೆಯಿಂದ ಕತ್ತು ದಾಟಿ ಬೆನ್ನ ಮೇಲೆ ಇಳಿಬೀಳುವ ಬಾಲ. ಎಳೆಗೂಸು ದೊಡ್ಡವರಂತೆ ನಡುಗಿ ಮೈ ಕಾಯಿಸಿಕೊಳ್ಳಲಾರದು; ಅದರ ಬದಲು ಕತ್ತಿನ ಹಿಂದೆ, ಹೆಗಲೆಲುಬುಗಳ ನಡುವೆ ಇರುವ ಕಂದು ಕೊಬ್ಬನ್ನು ಉರಿಸುತ್ತದೆ. ಕುಂಚಿಗೆಯ ಬಾಲ ಬೀಳುವುದು ಸರಿಯಾಗಿ ಆ ಒಲೆಯ ಮೇಲೆ. ಹೊಲಿದವರು ಇದನ್ನು ತಿಳಿದೇ ಹೊಲಿದರೆಂದು ಹೇಳುವ ಉತ್ಸಾಹ ನನಗಿಲ್ಲ, ಆದರೆ ಬಿದ್ದಿರುವುದಂತೂ ಅಲ್ಲಿಯೇ.

ಒದ್ದೆಯಾದರೆ ಕೆಟ್ಟಿತು

ಕೂಸಿನ ಕೌದಿ ಎಂದಮೇಲೆ ಅದು ಒದ್ದೆಯಾಗದೆ ಇರುವುದಿಲ್ಲ. ಆಗ ಗಾಳಿಯ ಜಾಗಕ್ಕೆ ನೀರು ಬರುತ್ತದೆ, ನೀರು ಶಾಖ ದಾಟಿಸುವುದರಲ್ಲಿ ಗಾಳಿಯ ಸುಮಾರು ಇಪ್ಪತ್ತೈದು ಪಟ್ಟು ಚುರುಕು. ಸಾಲದ್ದಕ್ಕೆ ಅದು ಆರುವಾಗಲೂ ಶಾಖ ಕದಿಯುತ್ತದೆ. ಚರ್ಮದಿಂದ ಆವಿಯಾಗುವ ಒಂದೇ ಒಂದು ಗ್ರಾಂ ನೀರು ಒಯ್ಯುವ ಶಾಖ, ಅರ್ಧ ಲೀಟರಿಗೂ ಹೆಚ್ಚು ನೀರನ್ನು 1 ಡಿಗ್ರಿ ತಣಿಸಲು ಸಾಕು. ಹುಟ್ಟಿದ ಕೂಸನ್ನು ಕೂಡಲೇ ಒರೆಸಿ ತಾಯಿಯ ಎದೆಗೆ ಹಾಕಬೇಕು, ಮೊದಲ ಸ್ನಾನವನ್ನು 24 ಗಂಟೆ ಮುಂದೂಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದಕ್ಕೇ.

ಉಣ್ಣೆ ನಿಜವಾಗಿ ಹತ್ತಿಯನ್ನು ಮೀರಿಸುವುದು ಈ ಒಂದು ಕಡೆ. ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ತೇವವನ್ನು ಅದು ಎಳೆಯ ಹೊಟ್ಟೆಯೊಳಗೇ ಇಟ್ಟುಕೊಳ್ಳಬಲ್ಲದು. ಎಳೆಗಳ ನಡುವಿನ ಗಾಳಿ ಉಳಿಯುತ್ತದೆ. ಸೋನೆ ಮಳೆಯಲ್ಲಿ ನೆಂದ ಕಂಬಳಿಯೊಳಗೂ ಕುರಿಗಾಹಿ ಬೆಚ್ಚಗಿರುವ ಗುಟ್ಟು ಇದು. ಹಾಗೆಂದು ಕಂಬಳಿಯನ್ನು ಕೂಸಿನ ಬರಿಮೈಗೆ ಹೊದಿಸಬೇಡಿ. ಮಿಲಿಮೀಟರಿನ ನೂರನೇ 3 ಭಾಗಕ್ಕಿಂತ ದಪ್ಪಗಿನ ಎಳೆಗಳು ಬಾಗದೆ ಚರ್ಮಕ್ಕೆ ಚುಚ್ಚುತ್ತವೆ, ನಮ್ಮ ಬಳ್ಳಾರಿ ತಳಿಯ ಕುರಿಯ ಉಣ್ಣೆ ಅದಕ್ಕಿಂತ ದಪ್ಪ. ನೇಯುವಾಗ ಹಾಸು ನೂಲಿಗೆ ಹಚ್ಚುವ ಹುಣಸೆ ಬೀಜದ ಗಂಜಿ ಅದನ್ನು ಇನ್ನಷ್ಟು ಬಿರುಸು ಮಾಡಿರುತ್ತದೆ.

ಕೂಸಿನ ಲೆಕ್ಕವೇ ಬೇರೆ

3 ಕಿಲೋ ತೂಗುವ ಕೂಸಿಗೆ ಅದರ ತೂಕಕ್ಕೆ ಹೋಲಿಸಿದರೆ ದೊಡ್ಡವರ ಎರಡೂವರೆ ಪಟ್ಟು ಚರ್ಮ ಇರುತ್ತದೆ. ಬಿಸಿ ಹುಟ್ಟಿಸುವ ಮೈ ಚಿಕ್ಕದು, ಬಿಸಿ ಸೋರುವ ಚರ್ಮ ದೊಡ್ಡದು. ಆ ಚರ್ಮದ ಸುಮಾರು ಐದನೇ ಒಂದು ಪಾಲು ತಲೆಯಲ್ಲೇ ಇದೆ. ಚಳಿಯಲ್ಲಿ ಕುಲಾವಿ ಕಟ್ಟುವ ರೂಢಿಗೆ ಇಷ್ಟು ಆಧಾರ ಸಾಕು.

ಇದೇ ಲೆಕ್ಕ ಬೇಸಿಗೆಯಲ್ಲಿ ತಿರುಗಿಬೀಳುತ್ತದೆ. ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುವ ಈ ಸೀಮೆಯಲ್ಲಿ, ಕಿಟಕಿ ಮುಚ್ಚಿದ ಬಾಣಂತಿ ಕೋಣೆಯಲ್ಲಿ, ಉಲನ್ ಟೋಪಿ ಹಾಕಿಸಿಕೊಂಡು ಕೌದಿಯಲ್ಲಿ ಸುತ್ತಿಸಿಕೊಂಡ ಕೂಸಿಗೆ ಬಿಸಿ ಹೊರಹಾಕಲು ಇದ್ದ ದೊಡ್ಡ ಬಾಗಿಲೇ ಮುಚ್ಚಿಹೋಗುತ್ತದೆ. ಅದು ಹೊದಿಕೆ ಒದೆಯಲಾರದು, ಸೆಕೆ ಎನ್ನಲಾರದು. ಅತಿ ಬಿಸಿ ಎಳೆಗೂಸಿಗೆ ಚಳಿಯಷ್ಟೇ ಅಪಾಯ. ‘ಬಾಣಂತಿ ಮಗುವಿಗೆ ಶೀತವಾದೀತು’ ಎಂದು ಬೇಸಿಗೆಯಲ್ಲೂ ಹೊದಿಸುವ ಹಿರಿಯರ ಮಾತನ್ನು ಇಲ್ಲಿ ಮೀರಲೇಬೇಕು.

ಕೈಕಾಲು ಮುಟ್ಟಿ ನೋಡಿದರೆ ಏನೂ ತಿಳಿಯುವುದಿಲ್ಲ, ಅವು ಸಾಮಾನ್ಯವಾಗಿ ತಣ್ಣಗೇ ಇರುತ್ತವೆ. ಎದೆ ಅಥವಾ ಕತ್ತಿನ ಹಿಂಭಾಗ ಮುಟ್ಟಿ. ಬೆವರಿದ್ದರೆ ಒಂದು ಪದರ ತೆಗೆಯಿರಿ. ಮಲಗಿಸುವಾಗ ಟೋಪಿ ಬಿಚ್ಚಿ, ಮುಖದ ಮೇಲೆ ಸರಿಯಬಲ್ಲ ಹೊದಿಕೆಯನ್ನು ದೂರವಿಡಿ. ಹಾಸಲು ಗಟ್ಟಿಯಾಗಿ ಹೊಲಿದ ತೆಳು ಕೌದಿ ಸಾಕು. ತೂಕ ಕಡಿಮೆ ಇರುವ ಕೂಸಿನ ವಿಷಯದಲ್ಲಿ ಮಾತ್ರ ವೈದ್ಯರು ಹೇಳಿದಂತೆ ನಡೆಯಿರಿ.

ಉಡುಗೊರೆ ಹೆಣೆಯುವವರಿಗೆ ಇನ್ನೊಂದು ಮಾತು. ಪೇಟೆಯಲ್ಲಿ ಉಲನ್ ಎಂದು ಸಿಗುವ ಅಗ್ಗದ ದಾರದ ಉಂಡೆಗಳಲ್ಲಿ ಹೆಚ್ಚಿನವು ಅಕ್ರಿಲಿಕ್, ಅಂದರೆ ಒಂದು ಬಗೆಯ ಪ್ಲಾಸ್ಟಿಕ್. ಗಾಳಿ ನಿಲ್ಲಿಸುವುದರಲ್ಲಿ ಅದೇನೂ ಹಿಂದಿಲ್ಲ, ತೊಳೆಯಲೂ ಸುಲಭ. ಆದರೆ ಕಿಡಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಬೆರಳುದ್ದದ ತುಂಡನ್ನು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ಉಣ್ಣೆ, ಕರಗಿ ಗಟ್ಟಿ ಮಣಿಯಾದರೆ ಅಕ್ರಿಲಿಕ್. ಬಾಣಂತಿ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಡುವ ಮನೆಗೆ ಉಡುಗೊರೆ ಒಯ್ಯುವುದಾದರೆ ಉಣ್ಣೆಯದನ್ನೋ ಹತ್ತಿಯದನ್ನೋ ಒಯ್ಯಿರಿ.